ನಾಡಿ 40ಕ್ಕೆ ಇಳಿದರೆ ಪೇಸ್‌ಮೇಕರ್ ಹಾಕಿಸಲೇಬೇಕಾ?

ತುಂಗಾತೀರ:
ಅಪ್ಪನಿಗೆ 71 ವರ್ಷ. ಬಿಪಿ ಮಿಷನ್‌ನಲ್ಲಿ ನಾಡಿ 38ರಿಂದ 42 ಬರ್ತಿದೆ, ಎದ್ದು ನಿಂತರೆ ಕಣ್ಣು ಕತ್ತಲೆ ಕಟ್ಟುತ್ತೆ. ಬಿಪಿಗೆ ಮೆಟೊಪ್ರೊಲಾಲ್ 50, ಗ್ಲಾಕೋಮಾಗೆ ಕಣ್ಣಿನ ಡ್ರಾಪ್ಸ್ ನಡೀತಿದೆ. ಮಾತ್ರೆಯಲ್ಲೇ ಬಡಿತ ಏರಿಸೋಕೆ ಆಗಲ್ವಾ?

ನಾಡಿಮಿಡಿತ:
ಕಣ್ಣು ಕತ್ತಲೆ ಕಟ್ಟುತ್ತಿದೆ ಅಂದಮೇಲೆ ಇವತ್ತೇ ಇಸಿಜಿ ಆಗಬೇಕು. ಮಿಷನ್ ಲೆಕ್ಕ ತಪ್ಪಲೂಬಹುದು: ಒಂದು ಬಿಟ್ಟು ಒಂದು ಬಡಿತ ಅಕಾಲದಲ್ಲಿ ಬಂದರೆ ಅದು ಕೈಯ ನಾಡಿಗೆ ಮುಟ್ಟುವುದಿಲ್ಲ. ಹೃದಯ 76 ಸಲ ಬಡಿದರೂ ಮಿಷನ್ 38 ಅನ್ನುತ್ತದೆ.

ಡ್ರಾಪ್ಸ್ ಬಾಟಲಿ ಮೇಲೆ ಟಿಮೊಲಾಲ್ ಅಂತ ಇದೆಯಾ ನೋಡಿ. ಅದೂ ಮೆಟೊಪ್ರೊಲಾಲ್ ಜಾತಿಯದೇ. ಕಣ್ಣಿನಿಂದ ಮೂಗಿಗಿಳಿದು ರಕ್ತ ಸೇರುತ್ತದೆ, ಎರಡೂ ಕೂಡಿ ಬಡಿತವನ್ನು ಕುಗ್ಗಿಸುತ್ತವೆ. ಹನಿ ಹಾಕಿದ ಮೇಲೆ ಕಣ್ಣಿನ ಒಳಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿದರೆ ರಕ್ತಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಬಾಟಲಿಯನ್ನೂ ಡಾಕ್ಟರಿಗೆ ತೋರಿಸಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಮೆಟೊಪ್ರೊಲಾಲ್ ತಟ್ಟನೆ ಬಿಟ್ಟರೆ ಎದೆನೋವು ಕೆರಳಬಹುದು. ಥೈರಾಯ್ಡ್, ಪೊಟ್ಯಾಸಿಯಂ ಪರೀಕ್ಷೆಯೂ ಆಗಲಿ.

ಎಡಹೃತ್ಕುಕ್ಷಿ:
ಇಸಿಜಿಯಲ್ಲಿ ಸೈನಸ್ ಲಯವೇ (ಹೃದಯದ ಸಹಜ ಲಯ) ನಿಧಾನವಾಗಿದ್ದರೆ, ಔಷಧ ಬದಲಿಸಿ ಎರಡು ಮೂರು ದಿನ ಕಾದು ನೋಡಬಹುದು. ಕಂಪ್ಲೀಟ್ ಹಾರ್ಟ್ ಬ್ಲಾಕ್ (ಹೃದಯದ ಮೇಲಿನ ಕೋಣೆಗಳ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳಿಗೆ ಮುಟ್ಟದಿರುವುದು) ಇದ್ದರೆ ಮನೆಯಲ್ಲಿ ಕಾಯಬಾರದು, ಅಡ್ಮಿಟ್ ಆಗಲೇಬೇಕು. ಔಷಧ ಬಿಡಿಸಿದ ಮೇಲೂ ಬ್ಲಾಕ್ ಉಳಿಯುವುದು, ಮರುಕಳಿಸುವುದು ಅಪರೂಪವಲ್ಲ.

ಪ್ರಜ್ಞೆ ತಪ್ಪುವಂತಿದ್ದರೆ, ಬಿಪಿ ಬಿದ್ದಿದ್ದರೆ ಅಟ್ರೋಪಿನ್ 1 ಮಿ.ಗ್ರಾಂ ನರಕ್ಕೆ ಕೊಡುತ್ತಾರೆ. 3ರಿಂದ 5 ನಿಮಿಷಕ್ಕೊಮ್ಮೆ, ಒಟ್ಟು 3 ಮಿ.ಗ್ರಾಂ ಮೀರದಂತೆ. ತಡೆ ಎವಿ ನೋಡ್‌ಗಿಂತ (ಆ ಸಂಕೇತ ಮೇಲಿನಿಂದ ಕೆಳಗೆ ದಾಟುವ ಕೊಂಡಿ) ಕೆಳಗಿದ್ದರೆ ಇದು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಆಗ ಡೋಪಮಿನ್ ಅಥವಾ ಅಡ್ರಿನಾಲಿನ್ ಡ್ರಿಪ್, ಇಲ್ಲವೇ ತಾತ್ಕಾಲಿಕ ಪೇಸಿಂಗ್ (ಹೊರಗಿನ ಯಂತ್ರದಿಂದ ವಿದ್ಯುತ್ ಕೊಟ್ಟು ಬಡಿಸುವುದು). ಬಡಿತ ಏರಿಸುವ ಥಿಯೋಫಿಲಿನ್ ಥರದ ಮಾತ್ರೆಗಳು ಅಲ್ಪಕಾಲದ ಆಸರೆ ಅಷ್ಟೇ, ವರ್ಷಗಟ್ಟಲೆ ನಂಬಿ ಕೂರುವಂಥವಲ್ಲ.

ತುಂಗಾತೀರ:
ಪೇಸ್‌ಮೇಕರ್ ಹಾಕಿಸಿದರೆ ಆಮೇಲೆ ಏನು ಜಾಗ್ರತೆ?

ನಾಡಿಮಿಡಿತ:
ಎಡ ಕಾಲರ್ ಬೋನ್ ಕೆಳಗೆ ಮರಗಟ್ಟಿಸಿ ಕೂರಿಸುತ್ತಾರೆ. ಮೊದಲ 4ರಿಂದ 6 ವಾರ ಆ ಕೈ ಭುಜಕ್ಕಿಂತ ಮೇಲೆ ಹೋಗಬಾರದು. ಬನಿಯನ್ ಬದಲು ಮುಂದೆ ಗುಂಡಿಯಿರುವ ಅಂಗಿ ಹಾಕಿಸಿ. ಲೀಡ್ (ಉಪಕರಣದಿಂದ ಹೃದಯಕ್ಕೆ ಹೋಗುವ ತಂತಿ) ಜರುಗುವುದು ಹೆಚ್ಚಾಗಿ ಈ ಅವಧಿಯಲ್ಲೇ. ತಲೆಸುತ್ತು ಮರಳಿದರೆ, ಬಿಕ್ಕಳಿಕೆ ನಿಲ್ಲದಿದ್ದರೆ ತಕ್ಷಣ ತೋರಿಸಿ. ಗಾಯ ಕೆಂಪಾದರೆ, ಕೀವು ಕಂಡರೆ ಅರಿಶಿನ ಹಚ್ಚಿ ಕಾಯಬೇಡಿ. ಸೋಂಕು ಒಳಗಿಳಿದರೆ ಇಡೀ ಉಪಕರಣ ತೆಗೆಯಬೇಕಾಗುತ್ತದೆ. ಮೊಬೈಲ್ 15 ಸೆಂ.ಮೀ., ಇಂಡಕ್ಷನ್ ಒಲೆ 60 ಸೆಂ.ಮೀ. ದೂರ ಇರಲಿ. ಬ್ಯಾಟರಿ ಸುಮಾರು 8ರಿಂದ 12 ವರ್ಷ ಬರುತ್ತದೆ.