ಕಾಯಿನೀರಿನಿಂದ ಬೆಳೆಸಿದ ಹಾಳೆ ಒಣಗಿದ ಮೇಲೆ ಸೀಳುತ್ತಿದೆ, ಏನು ಮಾಡಬೇಕು?

ಕಲ್ಪತರು_ತಿಪಟೂರು:
ಕೊಬ್ಬರಿಪುಡಿ ಘಟಕದಲ್ಲಿ ಚೆಲ್ಲುವ ಬಲಿತ ಕಾಯಿನೀರಿನಲ್ಲಿ ಬ್ಯಾಕ್ಟೀರಿಯಾದಿಂದ ಸೆಲ್ಯುಲೋಸ್ ಹಾಳೆ ಬೆಳೆಸುತ್ತಿದ್ದೇವೆ. ಲೀಟರಿಗೆ 100 ಗ್ರಾಂ ಸಕ್ಕರೆ, 5 ಗ್ರಾಂ ಅಮೋನಿಯಂ ಸಲ್ಫೇಟ್. ಹಸಿಯಲ್ಲಿ 1 ಸೆಂ.ಮೀ. ದಪ್ಪ ಬರುತ್ತದೆ, ಒಣಗಿದರೆ ಕಾಗದದಂತೆ ತೆಳು, ಮಡಚಿದರೆ ಬಿರುಕು. ಕೆಲವು ಪದರ ಪದರವಾಗಿ ಬಿಡುತ್ತವೆ. ಪರ್ಸ್ ಹೊಲಿಯುವಷ್ಟು ಗಟ್ಟಿ ಆಗುವುದು ಹೇಗೆ?

ಹುಳಿನೀರು:
ಪದರ ಬಿಡುವುದಕ್ಕೆ ಕಾರಣ ಟ್ರೇ ಅಲುಗಾಡುವುದು. ಈ ಬ್ಯಾಕ್ಟೀರಿಯಾಗೆ ಗಾಳಿ ಬೇಕು, ಹಾಗಾಗಿ ಮೇಲ್ಮೈಯಲ್ಲೇ ಹೆಣೆಯುತ್ತದೆ. ಅಲುಗಿದರೆ ಹಾಳೆ ಸ್ವಲ್ಪ ಮುಳುಗಿ, ಅದರ ಮೇಲೆ ಬೇರೆಯದೇ ಹಾಳೆ ಶುರುವಾಗುತ್ತದೆ. ಎತ್ತಿ ನೋಡುವ ಚಪಲ ಬಿಡಿ. ನೀರು 3–4 ಸೆಂ.ಮೀ. ಆಳ, ಮೇಲೆ ಬಟ್ಟೆ, 28–30 ಡಿಗ್ರಿ, 10–15 ದಿನ. ನೀರನ್ನು ಕಾಯಿ ಒಡೆದ ದಿನವೇ ಕುದಿಸಿ, ಆರಿದ ಮೇಲೆ ಲೀಟರಿಗೆ 100–150 ಮಿ.ಲೀ. ಹೆಪ್ಪು (ಈ ಬ್ಯಾಕ್ಟೀರಿಯಾ ಬೆಳೆದಿರುವ ನೀರು) ಹಾಕಿ, ಅಸಿಟಿಕ್ ಆಮ್ಲದಿಂದ ಪಿಎಚ್ (ಹುಳಿಯ ಅಳತೆ) 4–4.5ಕ್ಕೆ ತನ್ನಿ. ಹುಳಿ ಕಮ್ಮಿಯಾದರೆ ಬೂಷ್ಟು ಬರುತ್ತದೆ. ಬಂದ ಟ್ರೇಯನ್ನು ಉಳಿಸಿಕೊಳ್ಳಲು ಹೋಗಬೇಡಿ.

ಬಾಳೆನಾರು:
ತೆಳುವಾಗುವುದು ತಪ್ಪಲ್ಲ, ಲೆಕ್ಕವೇ ಹಾಗೆ. ಹಸಿ ಹಾಳೆಯಲ್ಲಿ ನೂರಕ್ಕೆ ಸುಮಾರು 99 ಭಾಗ ನೀರೇ. ದಪ್ಪ ಬೇಕಾದರೆ ನಾರು ಸೇರಿಸಲೇಬೇಕು. ಕಾಯಿನೀರಿನಿಂದ ಚರ್ಮದಂಥ ಹಾಳೆ ತಯಾರಿಸುವ ಕೇರಳದ 'ಮಲೈ' ಕಂಪನಿ ಮಾಡುವುದೂ ಇದನ್ನೇ. 0.5% ಕಾಸ್ಟಿಕ್ ಸೋಡಾದ ಬಿಸಿ ದ್ರಾವಣದಲ್ಲಿ ಹಾಳೆಯನ್ನು ಅರ್ಧ ಗಂಟೆ ಇಟ್ಟು (ಕೈಗವಸು ಹಾಕಿಕೊಂಡೇ), ಲಿಟ್ಮಸ್ ಬಣ್ಣ ಬದಲಾಗದಷ್ಟು ತೊಳೆಯಿರಿ. ಕ್ಷಾರ ಉಳಿದರೆ ಹಳದಿಯಾಗಿ ಪೆಡಸಾಗುತ್ತದೆ. ಆಮೇಲೆ ರುಬ್ಬಿ. 10 ಕೆ.ಜಿ. ಹಸಿ ಹಾಳೆಗೆ, 1–2 ಸೆಂ.ಮೀ. ಕತ್ತರಿಸಿ ಬೇಯಿಸಿದ ಬಾಳೆನಾರು ಒಣ ತೂಕದಲ್ಲಿ 40 ಗ್ರಾಮಿನಿಂದ ಶುರುಮಾಡಿ. ನಾರು ಉದ್ದವಾದರೆ ಗಂಟು ಕಟ್ಟಿ ಅಲ್ಲೇ ಸೀಳುತ್ತದೆ. ಬಲೆಯ ಮೇಲೆ ಹರಡಿ, ನೀರು ಬಸಿಯುವವರೆಗೆ ಒತ್ತಿ.

ಕಲ್ಪತರು_ತಿಪಟೂರು:
ಗ್ಲಿಸರಿನ್ ಯಾವಾಗ? ಮಳೆಗಾಲದಲ್ಲಿ ಅಂಟಂಟಾಗುತ್ತಿದೆ.

ಬಾಳೆನಾರು:
ಒತ್ತಿದ ಮೇಲೆ, ಒಣಗಿಸುವ ಮುಂಚೆ. 10% ದ್ರಾವಣದಲ್ಲಿ ಒಂದು ರಾತ್ರಿ. ಗ್ಲಿಸರಿನ್ ಗಾಳಿಯ ತೇವ ಎಳೆಯುತ್ತದೆ, ಮಳೆಗಾಲಕ್ಕೆ 5% ಸಾಕು. ಅಂಚುಗಳನ್ನು ಕ್ಲಿಪ್ಪಿನಲ್ಲಿ ಬಿಗಿದು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಅಂಚು ಮೊದಲು ಒಣಗಿ ಸುರುಟಿಕೊಳ್ಳುತ್ತದೆ.

ಹುಳಿನೀರು:
ಮೇಲೆ ಜೇನುಮೇಣ ತಿಕ್ಕಿದರೆ ತುಂತುರು ತಡೆಯುತ್ತದೆ, ನೆನೆಯುವುದನ್ನಲ್ಲ. ಪಾಲಿಯುರೇಥೇನ್ ಬಳಿದರೆ ನೀರು ನಿಲ್ಲುತ್ತದೆ, ಆದರೆ ಆಮೇಲೆ ಅದನ್ನು 'ಪ್ಲಾಸ್ಟಿಕ್ ಇಲ್ಲದ್ದು' ಎಂದು ಮಾರಬೇಡಿ. ಪರ್ಸಿಗೆ ಮೇಣ ಸಾಕು, ಚಪ್ಪಲಿಗೆ ಈ ಹಾಳೆಯೇ ಬೇಡ.