ತಮ್ಮ ಅರ್ಧ ಹೇಳಿ ನಿಲ್ಲಿಸಿದ್ದಾನೆ, ಮತ್ತೆ ಕೇಳಬಹುದೇ?

ಪ್ರಶ್ನೆ (ಒಬ್ಬ ಅಕ್ಕ, ಗಂಗಾವತಿ):
ಮೇಡಂ, ತಮ್ಮನಿಗೆ 17 ವರ್ಷ, ದ್ವಿತೀಯ ಪಿಯುಸಿ. ನಾಲ್ಕು ತಿಂಗಳಿಂದ ನಿದ್ದೆಯಿಲ್ಲ. ಯಾರೋ ಹೆಸರು ಹಿಡಿದು ಪಿಸುಗುಟ್ಟಿದಂತಾಗುತ್ತದೆ ಎನ್ನುತ್ತಾನೆ. ‘ಭ್ರಮೆಯಿರಬೇಕು’ ಎಂದೂ ತಾನೇ ಸೇರಿಸುತ್ತಾನೆ. ಗಾಳಿ ಸೋಕಿದೆ ಎಂದು ಅಮ್ಮ ತಾಯತ ಕಟ್ಟಿಸಿದ್ದಾರೆ. ಮೊನ್ನೆ ಕರೆಂಟ್ ಹೋದಾಗ ಮಾಳಿಗೆಯ ಮೇಲೆ ಮಲಗಿದ್ದೆವು. ‘ಏಳನೇ ತರಗತಿಯಲ್ಲಿ ಹಾಸ್ಟೆಲಿನಲ್ಲಿ ಒಂದು ನಡೆಯಿತು. ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡು’ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಮಗ್ಗುಲು ತಿರುಗಿ ಮಲಗಿದ. ಕೆದಕಿದರೆ ತಲೆ ಇನ್ನಷ್ಟು ಕೆಡುತ್ತದೆಯೇ?

ಉತ್ತರ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಬಳ್ಳಾರಿ):
ತಂಗಿ, ಆಣೆ ಮಾಡದೆ ಉಳಿದದ್ದೇ ಒಳ್ಳೆಯದಾಯಿತು. ಅವನಿಗಿನ್ನೂ 18 ತುಂಬಿಲ್ಲ. ನಡೆದದ್ದು ಲೈಂಗಿಕ ದೌರ್ಜನ್ಯವಾಗಿದ್ದರೆ, ಮಕ್ಕಳನ್ನು ಇಂಥ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಇದು ವೈದ್ಯರಿಗೂ ಅನ್ವಯಿಸುತ್ತದೆ. ಆಣೆ ಮಾಡಿ ಮುರಿದರೆ ಅವನು ಮತ್ತೆಂದೂ ಬಾಯಿ ಬಿಡುವುದಿಲ್ಲ. ‘ಊರಿಗೆ ಹೇಳುವುದಿಲ್ಲ. ನಿನ್ನನ್ನು ಕಾಪಾಡಲು ಹೇಳಲೇಬೇಕಾದವರಿದ್ದರೆ ಮೊದಲು ನಿನಗೆ ತಿಳಿಸುತ್ತೇನೆ’ ಎನ್ನಿ. ಅಷ್ಟು ಮಾತು ಉಳಿಸಿಕೊಳ್ಳಬಹುದು.

ಮೆಲ್ಲಗೆ ಕೇಳಿದ್ದರಿಂದ ಕಾಯಿಲೆ ಬರುವುದಿಲ್ಲ. ಎಷ್ಟೋ ಹುಡುಗರು ಯಾರಾದರೂ ಕೇಳಲಿ ಎಂದೇ ಕಾದಿರುತ್ತಾರೆ. ಆದರೆ ಯಾರು, ಎಷ್ಟು ಸಲ ಎಂದು ತನಿಖೆಗಿಳಿಯಬೇಡಿ. ‘ಆಗಲೇ ಏಕೆ ಹೇಳಲಿಲ್ಲ?’ ಎಂಬುದಂತೂ ಬೇಡವೇ ಬೇಡ. ಅದು ಅವನ ಕಿವಿಗೆ ‘ತಪ್ಪು ನಿನ್ನದೇ’ ಎಂದು ಕೇಳಿಸುತ್ತದೆ.

ಬಾಲ್ಯದ ಆಘಾತ ಮುಂದೆ ಸೈಕೋಸಿಸ್ (ಇಲ್ಲದ್ದು ಕೇಳಿಸಿ, ಕಾಣಿಸಿ, ಅದೇ ನಿಜವೆಂದು ನಂಬುವ ಮಾನಸಿಕ ಕಾಯಿಲೆ) ಬರುವ ಸಂಭವವನ್ನು ಹೆಚ್ಚಿಸುತ್ತದೆ, ನಿಜ. ಆದರೆ ಕೇಳಿಸಿದ್ದನ್ನು ತಾನೇ ಅನುಮಾನಿಸುವ ಈ ಹಂತದಲ್ಲಿರುವ ಹೆಚ್ಚಿನವರು ಪೂರ್ಣ ಕಾಯಿಲೆಗೆ ಜಾರುವುದಿಲ್ಲ. ನನಗಿರುವ ಭಯ ಬೇರೆ: ಪಿಸುಮಾತು ಕೇಳಿಸುತ್ತದೆ ಎಂಬ ಕಾರಣಕ್ಕೆ ಹಾಸ್ಟೆಲಿನ ಸಂಗತಿಯನ್ನೂ ಮನೆಯವರು ಭ್ರಮೆಯ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ.

ತಾಯತ ಇರಲಿ ಬಿಡಿ, ಅದಕ್ಕಾಗಿ ಅಮ್ಮನೊಡನೆ ಜಗಳವೇಕೆ? ಕೊಪ್ಪಳದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. (ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲೇ ಮಾಡಿದ ಪ್ರಯೋಗ. ನಮ್ಮ ಸೀಮೆಗೆ ಇದೇನೂ ಹೊಸತಲ್ಲ.) ಅದಕ್ಕೂ ಮೊದಲು ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುತ್ತಾರೆ, ಉಚಿತ.

ಓದುಗರೊಬ್ಬರು (ಸಿಂಧನೂರು):
ಹಳೆಯದನ್ನು ಮರೆತುಬಿಡು ಎಂದು ಧೈರ್ಯ ಹೇಳಿದರೆ ಸಾಲದೇ?

ಉತ್ತರ:
ಹಿರಿಯರೇ, ಐದು ವರ್ಷ ಆ ಹುಡುಗ ಮಾಡಿದ್ದು ಅದನ್ನೇ.

ಅಕ್ಕ:
ಅಪ್ಪನಿಗೆ ಏನೆಂದು ಹೇಳಲಿ, ಮೇಡಂ?

ಉತ್ತರ:
ಸದ್ಯಕ್ಕೆ ನಿದ್ದೆಯಿಲ್ಲ, ಪಿಸುಮಾತು ಕೇಳಿಸುತ್ತದೆ ಎಂದರೆ ಸಾಕು, ಅದು ಸುಳ್ಳಲ್ಲವಲ್ಲ. ಅವನೊಬ್ಬನನ್ನೇ ಸ್ವಲ್ಪ ಹೊತ್ತು ಮಾತನಾಡಿಸಿ ಎಂದು ವೈದ್ಯರನ್ನು ಕೇಳಿಕೊಳ್ಳಿ. ಆ ದನಿ ಏನಾದರೂ ಮಾಡು ಎಂದು ಆಜ್ಞಾಪಿಸಿದರೆ, ಅಥವಾ ಅವನು ಸಾವಿನ ಮಾತೆತ್ತಿದರೆ, ಸರದಿಗೆ ಕಾಯಬೇಡಿ. ಅಂದೇ ಕರೆದೊಯ್ಯಿರಿ, ಅಲ್ಲಿಯವರೆಗೆ ಒಂಟಿಯಾಗಿ ಬಿಡಬೇಡಿ.