1973ರ ಫೋರ್‌ಮನ್ ಎದುರು 1988ರ ಟೈಸನ್ ನಿಂತರೆ ಏನಾಗುತ್ತಿತ್ತು?

ಮೂಲೆ_ಸ್ಟೂಲ್:

ನಿನ್ನೆ ರಾತ್ರಿ ನಿದ್ದೆ ಬರದೆ ಯೂಟ್ಯೂಬ್‌ನಲ್ಲಿ ಜಾರ್ಜ್ ಫೋರ್‌ಮನ್–ಜೋ ಫ್ರೇಜಿಯರ್ ಹೆವಿವೇಟ್ ಬಾಕ್ಸಿಂಗ್ ಫೈಟ್ ಮತ್ತೆ ನೋಡಿದೆ. 1973 ಜನವರಿ 22, ಜಮೈಕಾದ ಕಿಂಗ್‌ಸ್ಟನ್. ಎರಡೇ ರೌಂಡ್, ಆರು ಸಲ ನೆಲಕ್ಕೆ. ಮುಹಮ್ಮದ್ ಅಲಿಯನ್ನೇ ಬೀಳಿಸಿ ಗೆದ್ದಿದ್ದ, ಅಲ್ಲಿಯವರೆಗೆ ಯಾರ ಕೈಲೂ ಸೋಲದ ಫ್ರೇಜಿಯರ್ ರಬ್ಬರ್ ಚೆಂಡಿನ ಹಾಗೆ ಬಿದ್ದು ಏಳುತ್ತಿದ್ದ. ಅದು ಮುಗಿಯುತ್ತಿದ್ದ ಹಾಗೆ ತಾನಾಗೇ ಮೈಕ್ ಟೈಸನ್–ಮೈಕಲ್ ಸ್ಪಿಂಕ್ಸ್ ಫೈಟ್ ಶುರುವಾಯಿತು. 1988 ಜೂನ್ 27, ಅಟ್ಲಾಂಟಿಕ್ ಸಿಟಿ, 91 ಸೆಕೆಂಡ್. ನಾನು ನೀರು ಕುಡಿದು ಬರುವಷ್ಟರಲ್ಲಿ ಮುಗಿದಿತ್ತು.

ಈಗ ಪ್ರಶ್ನೆ. ಅಲಿ–ಟೈಸನ್ ಚರ್ಚೆ ಕೇಳಿ ಕೇಳಿ ಕಿವಿ ತೂತಾಗಿದೆ, ಅದು ಬೇಡ. ಈ ಎರಡು ರಾತ್ರಿಯ ಫೋರ್‌ಮನ್ ಮತ್ತು ಟೈಸನ್‌ನನ್ನು ಒಂದೇ ರಿಂಗಿಗೆ ಬಿಟ್ಟರೆ? ಆಗ ಒಬ್ಬನಿಗೆ 24, ಇನ್ನೊಬ್ಬನಿಗೆ ಮೂರು ದಿನ ಕಳೆದರೆ 22. ಇಬ್ಬರೂ ಒಂದು ಫೈಟನ್ನೂ ಸೋತಿರಲಿಲ್ಲ. ತೂಕ ಕೂಡ ಹೆಚ್ಚು ಕಡಿಮೆ ಒಂದೇ, ಸುಮಾರು 99 ಕೆಜಿ. ನನ್ನ ಕಸಿನ್ ಹೇಳುವುದು ಇಷ್ಟೇ: ಫ್ರೇಜಿಯರ್ ಕುಳ್ಳ, ಬಗ್ಗಿಕೊಂಡು ಮುನ್ನುಗ್ಗುವವನು, ಟೈಸನ್ನೂ ಕುಳ್ಳ, ಬಗ್ಗಿಕೊಂಡು ಮುನ್ನುಗ್ಗುವವನು, ಆದ್ದರಿಂದ ಎರಡು ರೌಂಡ್‌ನಲ್ಲಿ ಕಥೆ ಮುಗಿಯಿತು. ಇಷ್ಟು ಸುಲಭದ ಲೆಕ್ಕವಾ ಇದು?

12 ರೌಂಡ್ ಅಂತ ಇಟ್ಟುಕೊಳ್ಳಿ. "ಯಾರು ಬೇಕಾದರೂ ಗೆಲ್ಲಬಹುದು" ಅನ್ನುವವರು ದಯವಿಟ್ಟು ಬರೆಯಬೇಡಿ.

ಅಪ್ಪರ್‌ಕಟ್_ಅಭಿಮಾನಿ:

ನಿಮ್ಮ ಕಸಿನ್ ಸರಿ. ಫೋರ್‌ಮನ್, ಎರಡನೇ ರೌಂಡ್. ಮೂರಕ್ಕೆ ಹೋದರೆ ಆಶ್ಚರ್ಯ.

ಕುಳ್ಳ ಅನ್ನುವುದಷ್ಟೇ ಕಾರಣ ಅಲ್ಲ. ಆ ಫೈಟನ್ನು ಮತ್ತೆ ಹಾಕಿ, ಫೋರ್‌ಮನ್ ಹೊಡೆಯುವ ಮೊದಲು ಏನು ಮಾಡುತ್ತಾನೆ ನೋಡಿ. ಎರಡೂ ಕೈ ಮುಂದೆ ಚಾಚಿ ಫ್ರೇಜಿಯರ್‌ನ ಭುಜ ಹಿಡಿದು ತಳ್ಳುತ್ತಾನೆ. ಒಳಗೆ ಬರಬೇಕಾದವನು ಒಂದು ಹೆಜ್ಜೆ ಹಿಂದೆ ಹೋಗುತ್ತಾನೆ, ಕಾಲು ಜೋಡಿ ತಪ್ಪುತ್ತದೆ, ಅದನ್ನು ಸರಿ ಮಾಡಿಕೊಳ್ಳುವಷ್ಟರಲ್ಲಿ ಕೆಳಗಿನಿಂದ ಬಲಗೈ ಅಪ್ಪರ್‌ಕಟ್ ಬಂದಿರುತ್ತದೆ. ತಲೆ ಬಗ್ಗಿಸಿ ಬರುವವನಿಗೆ ಅಪ್ಪರ್‌ಕಟ್‌ಗಿಂತ ಕೆಟ್ಟ ಏಟು ಇಲ್ಲ, ಅವನೇ ಬಂದು ಮುಖ ಕೊಟ್ಟ ಹಾಗೆ. ಮುಂದಿನ ವರ್ಷ ಕರಾಕಸ್‌ನಲ್ಲಿ ಕೆನ್ ನಾರ್ಟನ್‌ಗೂ ಎರಡೇ ರೌಂಡ್.

ಟೈಸನ್‌ನ ರೀಚ್, ಅಂದರೆ ಎರಡೂ ಕೈ ಅಗಲಿಸಿದಾಗ ತುದಿಯಿಂದ ತುದಿಗೆ ಅಳತೆ, 71 ಇಂಚು. ಫೋರ್‌ಮನ್‌ನದು ಅದಕ್ಕಿಂತ ಸುಮಾರು ಏಳು ಇಂಚು ಜಾಸ್ತಿ. ಉದ್ದ ಕೈಯವನು ಸುಮ್ನೆ ಹಿಡಿದುಕೊಂಡರೂ ಟೈಸನ್‌ಗೆ ಕಷ್ಟ ಆಗುತ್ತಿತ್ತು. 1987ರಲ್ಲಿ ಬೋನ್‌ಕ್ರಷರ್ ಸ್ಮಿತ್ ತಬ್ಬಿಕೊಂಡು ತಬ್ಬಿಕೊಂಡೇ 12 ರೌಂಡ್ ತಳ್ಳಿದ, ಟೋನಿ ಟಕ್ಕರ್ ಕೂಡ 12 ರೌಂಡ್ ನಿಂತ. ಅವರಿಬ್ಬರು ಉಳಿದುಕೊಂಡರೆ ಸಾಕು ಅಂತ ಹಿಡಿದರು. ಫೋರ್‌ಮನ್ ಹೊಡೆಯುವುದಕ್ಕೇ ಹಿಡಿಯುತ್ತಾನೆ.

ಕೊನೆಗೆ ಒಂದು ಮಾತು, ಟೈಸನ್ ಅಭಿಮಾನಿಗಳಿಗೆ ಇದು ಇಷ್ಟವಾಗಲ್ಲ. ಡಗ್ಲಾಸ್, ಹೋಲಿಫೀಲ್ಡ್, ಲೆನಾಕ್ಸ್ ಲೂಯಿಸ್, ಯಾರ ಏಟಿಗೆ ಬಿದ್ದರೂ ಟೈಸನ್ ಎದ್ದು ಆ ಫೈಟ್ ಗೆದ್ದಿದ್ದೇ ಇಲ್ಲ. ಇಡೀ ವೃತ್ತಿಯಲ್ಲಿ ಒಂದು ಸಲವೂ ಇಲ್ಲ.

ಎಡಗೈ_ಹುಕ್:

ಮೇಲಿನವರು ಡಗ್ಲಾಸ್, ಹೋಲಿಫೀಲ್ಡ್, ಲೂಯಿಸ್ ಅಂದರು. ಅವೆಲ್ಲ 1990ರಿಂದ ಈಚೆಗಿನವು ಸ್ವಾಮಿ. ಪ್ರಶ್ನೆ ಇರುವುದು 1988ರ ಜೂನ್ ಬಗ್ಗೆ. ಆಗ ಟ್ರೇನರ್ ಕೆವಿನ್ ರೂನಿ ಇನ್ನೂ ಅವನ ಮೂಲೆಯಲ್ಲಿದ್ದ, ಟೈಸನ್‌ನ ತಲೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಆ ವರ್ಷದ ಕೊನೆಗೆ ರೂನಿಯನ್ನು ಕಳಿಸಿದ ಮೇಲೆ ಬಂದ ಟೈಸನ್ ಬೇರೆಯೇ ಮನುಷ್ಯ.

ಇನ್ನು "ಫ್ರೇಜಿಯರ್ ಅಂದರೆ ಟೈಸನ್" ಅನ್ನುವುದು ನನಗೆ ಯಾವತ್ತೂ ಜೀರ್ಣವಾಗಿಲ್ಲ. ಫ್ರೇಜಿಯರ್ ನಿಧಾನಕ್ಕೆ ಬಿಸಿಯಾಗುವ ಆಸಾಮಿ. ಒಂದೇ ತಾಳದಲ್ಲಿ ಮೇಲೆ ಕೆಳಗೆ ಆಡುತ್ತಾ ಬರುತ್ತಾನೆ, ಇರುವ ದೊಡ್ಡ ಅಸ್ತ್ರ ಎಡಗೈ ಹುಕ್ (ಕೈ ಮಡಚಿ ಪಕ್ಕದಿಂದ ಬೀಸುವ ಏಟು) ಒಂದೇ. ಮೇಲಾಗಿ ಕಿಂಗ್‌ಸ್ಟನ್‌ಗೆ ಬಂದಿದ್ದು 1971ರಲ್ಲಿ ಅಲಿಯ ಜೊತೆ 15 ರೌಂಡ್ ಕಾದಾಡಿದ ಫ್ರೇಜಿಯರ್ ಅಲ್ಲ. ಆ ಫೈಟ್ ಅವನ ಜೀವದಲ್ಲಿ ಒಂದು ಭಾಗವನ್ನೇ ತಿಂದುಹಾಕಿತ್ತು. ಆಮೇಲೆ ಎರಡು ಸುಲಭದ ಫೈಟ್ ಆಡಿ, ಮೈ ಬೆಳೆಸಿಕೊಂಡು ಬಂದಿದ್ದ.

ಟೈಸನ್ ಗಂಟೆ ಹೊಡೆದ ಕ್ಷಣದಿಂದಲೇ ಕುದಿಯುತ್ತಿರುತ್ತಾನೆ. ಎರಡೂ ಗ್ಲೋವ್ ಕೆನ್ನೆಗೆ ಒತ್ತಿಕೊಂಡು, ತಲೆಯನ್ನು ಎಡಕ್ಕೂ ಬಲಕ್ಕೂ ಜಾರಿಸುತ್ತಾ ಬರುತ್ತಾನೆ. ಒಳಗೆ ಬಂದಮೇಲೆ ಎದುರಿಗೆ ನಿಲ್ಲಲ್ಲ, ಪಕ್ಕಕ್ಕೆ ಸರಿದು ಬಲಗೈಯಲ್ಲಿ ಪಕ್ಕೆಗೊಂದು, ಅದೇ ಕೈಯಲ್ಲಿ ಗದ್ದಕ್ಕೊಂದು. ಅವನ ಗುರು ಕಸ್ ಡಿ'ಅಮಾಟೊ ಪ್ರತಿ ಏಟಿಗೂ ನಂಬರ್ ಕೊಟ್ಟು ಕಲಿಸಿದ್ದು ಸುಮ್ನೆ ಅಲ್ಲ, ನಂಬರ್ ಕೂಗಿದರೆ ಕೈ ಯೋಚನೆ ಮಾಡದೆ ಹೋಗಬೇಕು ಅಂತ. ಫೋರ್‌ಮನ್‌ನ ಏಟುಗಳೋ, ಮರ ಕಡಿಯುವವನ ಕೊಡಲಿಯ ಹಾಗೆ ಹೊರಗಿನಿಂದ ಸುತ್ತಿಕೊಂಡು ಬರುತ್ತವೆ. ಅದು ಬಂದು ಮುಟ್ಟುವಷ್ಟರಲ್ಲಿ ಟೈಸನ್ ಮೂರು ಕೊಟ್ಟಿರುತ್ತಾನೆ.

ಫೋರ್‌ಮನ್ ಬೀಳಲ್ಲ ಅನ್ನುವವರು 1976ರ ರಾನ್ ಲೈಲ್ ಫೈಟ್ ನೋಡಬೇಕು. ಒಂದೇ ರೌಂಡ್‌ನಲ್ಲಿ ಎರಡು ಸಲ ಬಿದ್ದ. ಲೈಲ್ ಗಟ್ಟಿ ಹೊಡೆತದವನು, ನಿಜ, ಆದರೆ ಟೈಸನ್‌ನ ಅರ್ಧ ವೇಗವೂ ಇರಲಿಲ್ಲ.

ಟೈಸನ್, ನಾಲ್ಕನೇ ರೌಂಡ್.

ತಮಾಷೆಗೆ: ಫ್ರೇಜಿಯರ್‌ನ ಮಗ ಮಾರ್ವಿಸ್‌ನನ್ನು ಟೈಸನ್ 1986ರಲ್ಲಿ 30 ಸೆಕೆಂಡ್‌ನಲ್ಲಿ ಮಲಗಿಸಿದ. ಅಪ್ಪ ಫೋರ್‌ಮನ್ ಪಾಲು, ಮಗ ಟೈಸನ್ ಪಾಲು. ಸ್ಕೋರ್ ನೀವೇ ಹಾಕಿಕೊಳ್ಳಿ.

ಅಪ್ಪರ್‌ಕಟ್_ಅಭಿಮಾನಿ:

ಲೈಲ್ ಫೈಟ್‌ನ ಅರ್ಧ ಹೇಳಿ ಬಿಟ್ಟಿರಲ್ಲ. ಎರಡು ಸಲ ಬಿದ್ದವನು ಎದ್ದು ಬಂದು ಐದನೇ ರೌಂಡ್‌ನಲ್ಲಿ ಲೈಲ್‌ನನ್ನು ಮಲಗಿಸಿದ. ನನ್ನ ವಾದಕ್ಕೇ ಸಾಕ್ಷಿ ಅದು.

ಹಳೇ_ಗ್ಲೋವ್ಸ್:

ನಾನು ಕಾಲೇಜಿನಲ್ಲಿ ಎರಡು ವರ್ಷ ಬಾಕ್ಸಿಂಗ್ ಆಡಿದವನು. ಗೆದ್ದಿದ್ದು ಕಡಿಮೆ, ಮೂಗು ಮುರಿದುಕೊಂಡಿದ್ದು ಒಂದು ಸಲ. ಅದಕ್ಕೇ ಈ ತಳ್ಳುವುದರ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ನನ್ನ ಲೆಕ್ಕದಲ್ಲಿ ಇಡೀ ಫೈಟ್ ಅದರ ಮೇಲೇ ನಿಂತಿದೆ.

ನೀವು ಏಟು ಹೊಡೆಯುವುದು ಕೈಯಿಂದ ಅಲ್ಲ, ಕಾಲಿನಿಂದ. ಮುಂದಕ್ಕೆ ವಾಲಿದಾಗ ಭಾರ ಮುಂಗಾಲಿನ ಮೇಲೆ ಇರುತ್ತದೆ, ಆ ಕ್ಷಣದಲ್ಲಿ ಯಾರಾದರೂ ಭುಜಕ್ಕೆ ಅಂಗೈ ಇಟ್ಟು ದೂಡಿದರೆ ಏಟಿಗೆ ಬುಡವೇ ಇರಲ್ಲ. ನನ್ನ ಜೊತೆ ಅಭ್ಯಾಸ ಮಾಡುತ್ತಿದ್ದ ಒಬ್ಬ ಉದ್ದ ಹುಡುಗ ಇದೊಂದನ್ನೇ ಕಲಿತಿದ್ದ. ಮೂರು ತಿಂಗಳು ಅವನ ಹತ್ತಿರವೂ ಹೋಗಲಾಗಲಿಲ್ಲ. ಕುಸ್ತಿಯವರಿಗೆ ಇದು ಚೆನ್ನಾಗಿ ಗೊತ್ತು, ಎದುರಾಳಿಯ ಕಾಲು ಕದಲಿಸದೆ ಯಾವ ಪಟ್ಟೂ ಹತ್ತಲ್ಲ.

ಆದರೆ ಬಾಕ್ಸಿಂಗ್‌ನಲ್ಲಿ ತಳ್ಳುವುದು ಫೌಲ್. ಕಿಂಗ್‌ಸ್ಟನ್‌ನಲ್ಲಿ ಅದು ನಡೆದುಹೋಯಿತು. ಒಬ್ಬ ಬಿಗಿ ರೆಫರಿ ಮೊದಲ ನಿಮಿಷದಲ್ಲೇ ಎರಡು ಸಲ ಎಚ್ಚರಿಸಿ, ಮೂರನೇ ಸಲ ಪಾಯಿಂಟ್ ಕಿತ್ತುಕೊಂಡ ಅಂತ ಇಟ್ಟುಕೊಳ್ಳಿ, ಆಗ ಫೋರ್‌ಮನ್‌ಗೆ ಉಳಿಯುವುದು ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಏಟು. ಅವನ ಜ್ಯಾಬ್ ಕೂಡ ಸಾಮಾನ್ಯದ್ದಲ್ಲ, ಕಂಬ ಬಂದು ಗುದ್ದಿದ ಹಾಗೆ. ಆದರೆ ಜ್ಯಾಬ್ ಕೆಳಗೆ ನುಗ್ಗುವುದಕ್ಕೇ ಹುಟ್ಟಿದವನು ಟೈಸನ್.

ಇಬ್ಬರೂ ಸಮಯದ ಬಗ್ಗೆ ಮಾತಾಡಲೇ ಇಲ್ಲ. ಐದನೇ ರೌಂಡ್ ದಾಟಿದರೆ? 1974ರಲ್ಲಿ ಕಿನ್ಶಾಸಾದಲ್ಲಿ ಅಲಿ ಹಗ್ಗಕ್ಕೆ ಒರಗಿ ಏಟು ತಿಂದು ತಿಂದು ಫೋರ್‌ಮನ್‌ನ ಉಸಿರು ಖಾಲಿ ಮಾಡಿದ, ಎಂಟನೇ ರೌಂಡ್‌ನಲ್ಲಿ ಬೀಳಿಸಿದ. ಟೈಸನ್ ಬರೀ ಮೊದಲ ರೌಂಡ್ ಗಿರಾಕಿ ಅನ್ನುವುದೂ ತಪ್ಪು. ಪಿಂಕ್ಲನ್ ಥಾಮಸ್‌ನನ್ನು ಮುಗಿಸಿದ್ದು ಆರರಲ್ಲಿ, ಟೈರೆಲ್ ಬಿಗ್ಸ್‌ನನ್ನು ಏಳರಲ್ಲಿ. ಹಾಗಾಗಿ ನನ್ನ ಉತ್ತರ: ಮೂರು ರೌಂಡ್ ಒಳಗೆ ಮುಗಿದರೆ ಫೋರ್‌ಮನ್, ಐದು ದಾಟಿದರೆ ಟೈಸನ್. ಮೂರರೊಳಗೇ ಮುಗಿಯುತ್ತದೆ ಅಂತ ನನಗೆ ಅನ್ನಿಸುತ್ತದೆ.

ಅಂದಹಾಗೆ ಇಬ್ಬರೂ ಒಂದೇ ರಾತ್ರಿ ಒಂದೇ ಕಡೆ ಆಡಿದ್ದಾರೆ, ಗೊತ್ತಾ? 1990 ಜೂನ್ 16, ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್. ಟೈಸನ್ ಹೆನ್ರಿ ಟಿಲ್‌ಮನ್‌ನನ್ನು ಒಂದನೇ ರೌಂಡ್‌ನಲ್ಲಿ, 41 ವರ್ಷದ ಫೋರ್‌ಮನ್ ಅಡಿಲ್ಸನ್ ರೊಡ್ರಿಗಸ್‌ನನ್ನು ಎರಡನೇ ರೌಂಡ್‌ನಲ್ಲಿ ಮಲಗಿಸಿದರು. ಅವರಿಬ್ಬರ ಫೈಟ್ ಆಗಿಯೇ ಆಗುತ್ತದೆ ಅಂತ ಜನ ಕಾದರು. ಆಗಲಿಲ್ಲ. ನಾಲ್ಕು ವರ್ಷ ಬಿಟ್ಟು ಫೋರ್‌ಮನ್ 45ರಲ್ಲಿ ಮೈಕಲ್ ಮೂರರ್‌ನನ್ನು ಮಲಗಿಸಿ ಮತ್ತೆ ಚಾಂಪಿಯನ್ ಆದ. ಆ ಹೊತ್ತಿಗೆ ಟೈಸನ್ ಜೈಲಿನಲ್ಲಿದ್ದ.

ಎಡಗೈ_ಹುಕ್:

ರೆಫರಿ ವಿಷಯ ಒಪ್ಪುತ್ತೇನೆ, ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆದರೂ ಒಂದು ತಕರಾರು. ಭುಜ ತಳ್ಳಬೇಕಾದರೆ ಭುಜ ಎದುರಿಗೆ ಇರಬೇಕು ಅಲ್ವಾ? ಪಕ್ಕಕ್ಕೆ ಜಾರುವವನನ್ನು ಎಲ್ಲಿಗೆ ಅಂತ ತಳ್ಳುವುದು? ಫ್ರೇಜಿಯರ್ ನೇರ ಬರುತ್ತಿದ್ದ, ಗೋಡೆ ತಳ್ಳಿದ ಹಾಗೆ ತಳ್ಳಬಹುದಿತ್ತು. ನಾನು ನಾಲ್ಕನೇ ರೌಂಡ್‌ಗೇ ಅಂಟಿಕೊಂಡಿದ್ದೇನೆ.

ಹಳೇ_ಗ್ಲೋವ್ಸ್:

ಜಾರುವವನೂ ಹೊಡೆಯುವಾಗ ಒಂದು ಕ್ಷಣ ನಿಲ್ಲಲೇಬೇಕು. ಉದ್ದ ಹುಡುಗ ನನಗೆ ಕಲಿಸಿದ್ದು ಅದನ್ನೇ.

ಮೂಲೆ_ಸ್ಟೂಲ್:

ಎಲ್ಲರಿಗೂ ಥ್ಯಾಂಕ್ಸ್. ಆಫೀಸಿನಲ್ಲಿ ಊಟದ ಹೊತ್ತಿಗೆ ಲೈಲ್ ಫೈಟ್ ನೋಡಿದೆ, ಚಪಾತಿ ಕೈಯಲ್ಲೇ ಉಳಿಯಿತು. ನಾಲ್ಕನೇ ರೌಂಡ್‌ನಲ್ಲಿ ಮೊದಲು ಫೋರ್‌ಮನ್ ಬೀಳುತ್ತಾನೆ, ಎದ್ದು ಲೈಲ್‌ನನ್ನು ಬೀಳಿಸುತ್ತಾನೆ, ರೌಂಡ್ ಮುಗಿಯುವ ಹೊತ್ತಿಗೆ ಮತ್ತೆ ತಾನೇ ಬೀಳುತ್ತಾನೆ. ಇಬ್ಬರಿಗೂ ಗಾರ್ಡ್, ಅಂದರೆ ಕೈಯೆತ್ತಿ ಮುಖ ಕಾಯುವುದು, ಅನ್ನುವುದೇ ನೆನಪಿಲ್ಲ. ಕುಡುಕರ ಜಗಳದ ಹಾಗಿದೆ, ಆದರೂ ಕಣ್ಣು ತೆಗೆಯಲು ಆಗಲಿಲ್ಲ.

ಅದನ್ನು ನೋಡಿದ ಮೇಲೆ ನನ್ನ ತೀರ್ಪು. ಒಂದನೇ ರೌಂಡ್‌ನಲ್ಲಿ ಟೈಸನ್‌ನ ವೇಗ ಅರ್ಥವಾಗುವ ಮೊದಲೇ ಫೋರ್‌ಮನ್ ಒಂದು ಸಲ ಬೀಳುತ್ತಾನೆ. ಎಂಟು ಎಣಿಸುವಷ್ಟರಲ್ಲಿ ಎದ್ದು ನಿಲ್ಲುತ್ತಾನೆ, ಟೈಸನ್ ಮುಗಿಸಲು ಓಡಿಬರುತ್ತಾನೆ, ಆ ಆತುರದಲ್ಲಿ ತಲೆ ಜಾರಿಸುವುದನ್ನು ಮರೆಯುತ್ತಾನೆ. ಎರಡನೇ ರೌಂಡ್‌ನಲ್ಲಿ ಅಪ್ಪರ್‌ಕಟ್.

ಅಂದರೆ ಕಸಿನ್ ಹೇಳಿದ್ದೇ ಸರಿ. ಅವನಿಗೆ ಮಾತ್ರ ಇದನ್ನು ಹೇಳಲ್ಲ.